ತವನಿಧಿ ಗುಡ್ಡದಲ್ಲಿ ತ್ರಿಶಲಾ ತಿರುಗಿ ನೋಡಲಿಲ್ಲ

ಬೋರಗಾಂವ
ತಾ. ೨೬-೪-೧೯೮೯, ಬುಧವಾರ

ಪ್ರೀತಿಯ ಮಗಳು ಕಮಲಾಳಿಗೆ ನಿನ್ನ ಅಪ್ಪನ ಆಶೀರ್ವಾದ.

ನಿನ್ನ ಮೈ ಹೇಗಿದೆ? ಹೋದ ಪತ್ರದಲ್ಲಿ ವಾರ್ಡಿನಲ್ಲಿ ನಿಂತು ನಿಂತು ಕಾಲಿಗೆ ಬಾವು ಬರುತ್ತದೆ ಎಂದು ಬರೆದಿದ್ದೆ, ಅದು ಕಡಿಮೆ ಆಯಿತೇ? ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಹೊತ್ತು ಮುಳುಗುವ ಮೊದಲು ಊಟ ಸಿಗುತ್ತದೆಯೋ ಇಲ್ಲವೋ ಎಂದು ನಿಮ್ಮವ್ವ ದಿನಾ ಕೇಳುತ್ತಾಳೆ, ನಾನು ದಿನಾ ಸಿಗುತ್ತದೆ ಎಂದು ಹೇಳುತ್ತೇನೆ. ನರ್ಸ್ ತರಬೇತಿ ಅಂದರೆ ಸುಮ್ಮನೆ ಅಲ್ಲ ಎಂದು ನನಗೂ ಗೊತ್ತು. ಅಳಿಯಂದಿರು ತೀರಿಹೋದ ಮೇಲೆ ನೀನು ಮೂಲೆ ಹಿಡಿದು ಕೂಡದೆ ಪುಸ್ತಕ ಹಿಡಿದೆಯಲ್ಲ, ಆ ಧೈರ್ಯವನ್ನು ನಾನು ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿಯೂ ಬೇರೆ ಯಾರಲ್ಲೂ ಕಂಡಿಲ್ಲ. ಇಲ್ಲಿ ಎಲ್ಲರೂ ಇದ್ದೇವೆ. ನಿನ್ನ ಕೂಸು ತ್ರಿಶಲಾ ಊಟ ಮಾಡುತ್ತಾಳೆ, ಆಡುತ್ತಾಳೆ. ಇದನ್ನು ಮೊದಲು ಓದಿಕೊಂಡು, ಆಮೇಲೆ ಮುಂದಿನದನ್ನು ಓದು.

ರಜೆ ಬಿದ್ದಾಗಿನಿಂದ ಕೂಸು ಮಂಕಾಗಿತ್ತು. ಈ ಸಲದ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಿದ್ದವು. ಶಾಲೆಯ ಟೀಚರ್ ಬಾಯಿ ನನ್ನನ್ನು ಕರೆಸಿ, ಹುಡುಗಿ ಹೇಳಿದ ಮಾತು ಕೇಳುವುದಿಲ್ಲ, ಬಹಳ ಹಟಮಾರಿ ಎಂದಿದ್ದರು. ನಾನೂ ಅದನ್ನು ನಂಬಿದ್ದೆ. ನಿನ್ನ ತಮ್ಮ ಪಾರಿಸನೇ ಒಂದು ದಿನ ಮಗ್ಗದ ಕೆಲಸ ಮುಗಿಸಿ ಬಂದವನು, "ಅಪ್ಪಾ, ಕೂಸು ಮನ್ಯಾಗ ಕುಂತ ಕುಂತ ಬಾಡಾಕತ್ತೈತಿ. ರವಿವಾರ ಎಲ್ಲಾರೂ ಕೂಡಿ ತವನಿಧಿ ಗುಡ್ಡ ಹತ್ತೋಣು, ಬುತ್ತಿ ಕಟಗೊಂಡ ಹೋಗೂಣು" ಎಂದ. ನಿಮ್ಮವ್ವ ಮೊಣಕಾಲು ನೋವು ಮರೆತು ಶನಿವಾರವೇ ಶೇಂಗಾ ಹೋಳಿಗೆಗೆ ಕುಳಿತಳು. ಪಾರಿಸ, ಅವನ ಹೆಂಡತಿ ಸುರೇಖಾ, ಅವರ ಮೂರು ವರ್ಷದ ಮಗು, ನಾವಿಬ್ಬರು, ತ್ರಿಶಲಾ. ಬೆಳಗಿನ ಮೊದಲ ಬಸ್ಸಿಗೆ ನಿಪ್ಪಾಣಿ, ಅಲ್ಲಿಂದ ಇನ್ನೊಂದು ಬಸ್ಸು. ದರ್ಶನ ಮಾಡಿಕೊಂಡು ಬಸದಿಯ ಹಿಂದಿನ ಕಾಲುದಾರಿ ಹಿಡಿದೆವು. ಬಿಸಿಲು ಇನ್ನೂ ಏರಿರಲಿಲ್ಲ. ಗಿಡಗಳ ನೆರಳಿನಲ್ಲಿ ಗಾಳಿ ತಂಪಾಗಿತ್ತು. ಪಾರಿಸ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹಾಡುತ್ತ ನಡೆದ. ನಿಮ್ಮವ್ವ ಹತ್ತು ಹೆಜ್ಜೆಗೊಮ್ಮೆ ಕಲ್ಲಿನ ಮೇಲೆ ಕುಳಿತು, ಆಚೆ ಕಾಣುವ ಹೊಲಗಳಲ್ಲಿ ಯಾವುದು ನಮ್ಮ ಸೀಮೆ, ಯಾವುದು ಮಹಾರಾಷ್ಟ್ರದ್ದು ಎಂದು ಕೇಳುತ್ತಿದ್ದಳು. ಕಬ್ಬಿನ ಮೇಲೆ ಗೆರೆ ಎಳೆದಿರುತ್ತಾರೆಯೇ ಎಂದು ನಾನು ನಕ್ಕೆ. ಕಮಲಾ, ಆ ಒಂದು ತಾಸು ನಾವೆಲ್ಲ ಬಹಳ ಸುಖವಾಗಿದ್ದೆವು.

ತ್ರಿಶಲಾ ಮಾತ್ರ ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು. ಮೇಲೆ ಒಂದು ಕಡೆ ಹಳೆಯ ಕಲ್ಲಿನ ಕಣಿ ಇದೆ, ಕಲ್ಲು ತೆಗೆದು ತೆಗೆದು ಎರಡಾಳು ಆಳ ಆಗಿದೆ. ಅವಳು ಅದರ ಅಂಚಿನ ಕಡೆಗೆ ಹೋಗುವುದನ್ನು ಕಂಡು ನಿಲ್ಲು ಎಂದು ಕೂಗಿದೆ. ನಿಲ್ಲಲಿಲ್ಲ. ಹೆಸರು ಹಿಡಿದು ಮೂರು ಸಲ ಕೂಗಿದೆ. ತಿರುಗಿ ಕೂಡ ನೋಡಲಿಲ್ಲ. ಓಡಿಹೋಗಿ ರಟ್ಟೆ ಹಿಡಿದು ಎಳೆದೆ. ಎಳೆದು, ಕೆನ್ನೆಗೆ ಹೊಡೆದೆ. ಬೇರೆಯವರ ಮಕ್ಕಳಿಗೆ ಎಷ್ಟೋ ಹೊಡೆದಿದ್ದೇನೆ, ನಿನಗೆ ಒಂದು ಸಲವೂ ಕೈ ಎತ್ತಿದವನಲ್ಲ. ನಿನ್ನ ಮಗಳಿಗೆ ಹೊಡೆದೆ. ಅವಳು ಅಳಲಿಲ್ಲ. ಏಕೆ ಹೊಡೆದೆ ಎಂದು ತಿಳಿಯದವಳ ಹಾಗೆ ನನ್ನ ಬಾಯಿಯನ್ನೇ ನೋಡುತ್ತ ನಿಂತಳು. ಆ ನೋಟವನ್ನೂ ನಾನು ಹಟ ಎಂದೇ ತಿಳಿದೆ.

ಆಮೇಲೆ ಅವಳು ಹಿಂದೆ ಉಳಿದಳು. ಸಿಟ್ಟು ಇಳಿದ ಮೇಲೆ ಬರುತ್ತಾಳೆ ಬಿಡು ಎಂದು ನಾನೇ ಹೇಳಿದೆ. ನೆತ್ತಿಗೆ ಹೋಗಿ ಬುತ್ತಿ ಬಿಚ್ಚುವಾಗ ನೋಡಿದರೆ ಕೂಸು ಇಲ್ಲ. ಪಾರಿಸ ಮಗುವನ್ನು ಸುರೇಖಾಳ ಕೈಗೆ ಕೊಟ್ಟು ಇಳಿಜಾರಿಗೆ ಓಡಿದ. ನಾನು ಕಣಿಯ ಕಡೆಗೆ ಹೋದೆ. ಅಂಚಿನಲ್ಲಿ ನಿಂತು ಕೆಳಗೆ ನೋಡಲು ನನಗೆ ಎಷ್ಟು ಹೊತ್ತು ಬೇಕಾಯಿತು ಎಂದು ಹೇಗೆ ಬರೆಯಲಿ. ಕೆಳಗೆ ಏನೂ ಇರಲಿಲ್ಲ. ಗುಡ್ಡದ ಆಚೆ ಘಾಟಿನಲ್ಲಿ ಲಾರಿಗಳ ಹಾರ್ನು ಕೇಳಿದಾಗಲೆಲ್ಲ ನಿಂತು ರಸ್ತೆಯ ಕಡೆ ನೋಡುತ್ತಿದ್ದೆ. ನನ್ನ ದನಿ ನಿನಗೆ ಗೊತ್ತಲ್ಲ, ನಾಲ್ಕು ವರ್ಗಗಳಿಗೆ ಒಬ್ಬನೇ ಪಾಠ ಹೇಳಿದ ದನಿ. ಅದು ಒಡೆದುಹೋಗುವಷ್ಟು ಕೂಗಿದೆ. ಪಾರಿಸ ಕೆಳಗಿನಿಂದ ಕೂಗುತ್ತಿದ್ದ. ನಿಮ್ಮವ್ವ ಗಿಡದ ಕೆಳಗೆ ಕುಳಿತು ಣಮೋಕಾರ ಮಂತ್ರ ಹೇಳುತ್ತಿದ್ದಳು, ನಡುನಡುವೆ ಬಿಟ್ಟುಹೋಗಿ ಮತ್ತೆ ಮೊದಲಿನಿಂದ ಹೇಳುತ್ತಿದ್ದಳು. ಹೀಗೆ ಎರಡು ತಾಸು ಕಳೆಯಿತು.

ಕೊನೆಗೆ ಪೂರ್ವದ ಇಳಿಜಾರಿನಿಂದ ಆಡು ಕಾಯುವ ಹೆಂಗಸೊಬ್ಬಳು ಇವಳ ಕೈ ಹಿಡಿದುಕೊಂಡು ಹತ್ತಿ ಬಂದಳು. ಹೆಸರು ಸಕ್ಕುಬಾಯಿಯಂತೆ, ಗುಡ್ಡದ ಕೆಳಗಿನ ಊರಿನವಳು. ತ್ರಿಶಲಾಳ ಉಡಿಯಲ್ಲಿ ಕವಳಿ ಹಣ್ಣು ತುಂಬಿತ್ತು, ತುಟಿ ಕಪ್ಪಾಗಿತ್ತು. ಅವಳನ್ನು ಕಂಡ ಕೂಡಲೇ ನನಗೆ ಅಳು ಬರಬೇಕಾಗಿತ್ತು, ಸಿಟ್ಟು ಬಂತು. ಕೈ ಮತ್ತೆ ಮೇಲೆ ಹೋಯಿತು. ಸಕ್ಕುಬಾಯಿ ನಡುವೆ ಬಂದು ನಿಂತಳು.

"ಬಡೀಬ್ಯಾಡ್ರಿ ಅಜ್ಜಾರ. ನೀವು ಕೂಗೂದು ನನಗ ಅಲ್ಲಿ ತನಕಾ ಕೇಳ್ತಿತ್ತರಿ. ಈ ಕೂಸು ನನ್ನ ಮಗ್ಗಲದಾಗ ನಿಂತ ಹಣ್ಣ ಹರೀತಿತ್ತು, ಮಾರಿ ಸುದ್ದಾ ಎತ್ತಲಿಲ್ಲ. ಹಿಂದಿಂದ ನಾನೂ ಕರದೆ. ಮುಂದ ಹೋಗಿ ನಿಂತ ಮ್ಯಾಲ ನೋಡಿ ನಕ್ಕಳು. ಇದಕ ಕಿವಿ ಕೇಳ್ಸಂಗಿಲ್ರಿ. ನಮ್ಮ ತಮ್ಮಗೂ ಹಿಂಗ ಆಗಿತ್ತು, ಅದಕ ಗೊತ್ತಾತು."

ನಾನು ನಂಬಲಿಲ್ಲ. ತ್ರಿಶಲಾಳನ್ನು ಅತ್ತ ಮುಖ ಮಾಡಿ ಕೂರಿಸಿ, ಐದು ಹೆಜ್ಜೆ ಹಿಂದೆ ನಿಂತು ಮೆಲ್ಲಗೆ ಕರೆದೆ. ಆಮೇಲೆ ಜೋರಾಗಿ ಕರೆದೆ. ಅವಳು ಹಣ್ಣು ಆರಿಸುತ್ತ ಕುಳಿತಿದ್ದಳು. ಪಾರಿಸ ಎಡಗಿವಿಯ ಹತ್ತಿರ ಚಪ್ಪಾಳೆ ಹೊಡೆದಾಗ ಮಾತ್ರ ತಿರುಗಿದಳು. ನಾನು ಅವಳ ಎದುರಿಗೆ ಕುಳಿತು, ನಿನಗೆ ಕೇಳಿಸುವುದಿಲ್ಲ ಎಂದು ಯಾಕೆ ಹೇಳಲಿಲ್ಲ ತಾಯಿ ಎಂದು ಕೇಳಿದೆ. ನನ್ನ ತುಟಿ ನೋಡಿ ಅರ್ಥ ಮಾಡಿಕೊಂಡು ಅವಳು ಹೇಳಿದ್ದು ಇಷ್ಟೇ: "ಎಲ್ಲಾರಿಗೂ ಇಷ್ಟ ಕೇಳಸ್ತೈತಿ ಅನ್ಕೊಂಡಿದ್ನಿ ಅಜ್ಜಾ."

ಅವತ್ತಿನಿಂದ ನಮಗೆ ಒಂದೊಂದೇ ನೆನಪಾಗುತ್ತಿದೆ. ಹೋದ ವರ್ಷ ಗೊಬ್ಬರ ಎದ್ದು, ಆ ದಡಾರ ವಾಸಿಯಾದ ಮೇಲೆ ಅವಳ ಕಿವಿ ಸೋರುತ್ತಿತ್ತು. ನಾವು ಬೆಚ್ಚಗಿನ ಎಣ್ಣೆ ಬಿಟ್ಟು ಅರಳೆ ಇಟ್ಟೆವು, ನಿನಗೆ ಬರೆಯುವಷ್ಟು ದೊಡ್ಡದು ಎಂದುಕೊಳ್ಳಲಿಲ್ಲ. ಮಾತಾಡುವಾಗ ನಮ್ಮ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದಳು, ನಿಮ್ಮವ್ವ ಅದನ್ನು ಮುದ್ದು ಎಂದು ತಿಳಿದಿದ್ದಳು. ಎತ್ತರದ ಹುಡುಗಿ ಎಂದು ಶಾಲೆಯಲ್ಲಿ ಕಡೆಯ ಸಾಲಿನಲ್ಲಿ ಕೂರಿಸಿದ್ದರು. ಅಲ್ಲಿಂದ ಅವಳಿಗೆ ಕಾಣಿಸಿದ್ದು ಟೀಚರ್ ಬಾಯಿಯ ಬೆನ್ನು ಮತ್ತು ಹಲಗೆ. ನನ್ನ ವರ್ಗಗಳಲ್ಲಿಯೂ ಹೀಗೆ ಎಷ್ಟು ಮಕ್ಕಳಿದ್ದರೋ, ಯಾರಿಗೆ ಏಕೆ ಹೊಡೆದೆನೋ. ಮೂರು ದಿನದಿಂದ ಅದೇ ತಲೆಯಲ್ಲಿದೆ.

ನಿನ್ನೆ ಮಂಗಳವಾರ ನಾನು ಮತ್ತು ಪಾರಿಸ ಅವಳನ್ನು ಮಿರಜಿಗೆ ಕಿವಿಯ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿದ್ದೆವು. ವಯಸ್ಸಾದವರು, ಒಳ್ಳೆಯವರು. ಕಬ್ಬಿಣದ ಕವಲು ಬಾರಿಸಿ ಕಿವಿಯ ಹತ್ತಿರ ಹಿಡಿದು ನೋಡಿದರು, ಎಕ್ಸರೇ ಫೋಟೋ ತೆಗೆಸಿದರು. ಎಡಗಿವಿಯ ಪರದೆ ತೂತಾಗಿದೆ, ಆದರೂ ಔಷಧದಿಂದ ಸುಧಾರಿಸುತ್ತದಂತೆ. ಬಲಗಿವಿಯಲ್ಲಿ ಕೀವು ಒಳಗಿನ ಎಲುಬಿಗೆ ಇಳಿದಿದೆ, ಅದಕ್ಕೆ ಆಪರೇಶನ್ ಬೇಕು ಎಂದರು. ನೀನು ಇಂಥದ್ದನ್ನೆಲ್ಲ ಓದಿದವಳು, ನನಗಿಂತ ಹೆಚ್ಚು ತಿಳಿಯುತ್ತದೆ. ಬರುವಾಗ ಬಸ್ಸಿನಲ್ಲಿ ಕೂಸು ನನ್ನ ತೊಡೆಯ ಮೇಲೆ ಮಲಗಿತ್ತು. ನಾನು ಎಡಗಿವಿಗೆ ಬಾಯಿ ಹಚ್ಚಿ, ತಪ್ಪಾಯಿತು ಎಂದೆ. ಕೇಳಿಸಿತೋ ಇಲ್ಲವೋ, ನನ್ನ ಗದ್ದ ಸವರಿದಳು.

ನಿಮ್ಮವ್ವನ ಆಶೀರ್ವಾದ. ಪಾರಿಸ, ಸುರೇಖಾ ನಮಸ್ಕಾರ ತಿಳಿಸಿದ್ದಾರೆ. ಆರೋಗ್ಯ ನೋಡಿಕೋ, ನೀರು ಕಾಸಿ ಕುಡಿ. ಪಾರ್ಶ್ವನಾಥ ಸ್ವಾಮಿ ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಆಬಾಸಾಹೇಬ

ತಾ.ಕ.: ಪಾರಿಸ ಪತ್ರ ಟಪಾಲಿಗೆ ಹಾಕಲು ಸೈಕಲ್ ಹಿಡಿದು ನಿಂತಿದ್ದಾನೆ, ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ. ಆಪರೇಶನ್ ಮೇ ಒಂಬತ್ತಕ್ಕೆ. ನಿನ್ನ ಪರೀಕ್ಷೆ ಎಂಟಕ್ಕೆ ಶುರು. ಎಲ್ಲ ಮುಗಿದ ಮೇಲೆ ಕಮಲಾಳಿಗೆ ಬರೆಯಿರಿ, ಈಗ ಬರೆದರೆ ಅವಳ ವರ್ಷ ಹಾಳಾಗುತ್ತದೆ ಎಂದು ನಿಮ್ಮವ್ವ ಹೇಳುತ್ತಾಳೆ. ಆಪರೇಶನ್ನಿನ ಒಪ್ಪಿಗೆಗೆ ಸಹಿ ನಾನು ಮಾಡಿದರೂ ನಡೆಯುತ್ತದಂತೆ. ಆದರೆ ತಡ ಮಾಡಿದರೆ ಕೀವು ಮೆದುಳಿಗೆ ಏರಬಹುದು, ಮಾಡಿದರೆ ಆ ಕಿವಿಯಲ್ಲಿ ಉಳಿದ ಅಷ್ಟಿಷ್ಟು ಕೂಡ ಹೋಗಬಹುದು ಎಂದು ಡಾಕ್ಟರು ಹೇಳಿದರು. ಇದನ್ನು ಮೇಲೆ ಬರೆಯಲಿಲ್ಲ, ಕೈ ಬರಲಿಲ್ಲ. ನಿನ್ನಿಂದ ಮುಚ್ಚಿಟ್ಟು ಈ ಸಹಿ ಮಾಡುವುದು ನನ್ನಿಂದ ಆಗುವುದಿಲ್ಲ. ಪರೀಕ್ಷೆ ಮತ್ತೆ ಬರೆಯಬಹುದೇ ಎಂದು ನಿಮ್ಮ ಮೇಟ್ರನ್ ಅವರನ್ನು ಕೇಳು. ಬರೆಯಬಹುದು ಎಂದರೂ ಬಾ, ಆಗುವುದಿಲ್ಲ ಎಂದರೂ ಬಾ. ಒಂಬತ್ತರ ಮೊದಲು ಬಾ, ಕಮಲಾ. ಆ ಕಿವಿಗೆ ಇನ್ನೂ ಸ್ವಲ್ಪ ಕೇಳಿಸುತ್ತಿರುವಾಗ ಬಂದು ಅವಳನ್ನು ಒಂದು ಸಲ ಕರೆ.