ಎರಡೂ ಕಡೆಗೆ ಆಡುವವಳು

ಮೈದಾನದ ಹಿಂದಿನ ಮನೆ
ಮಂಗಳವಾರ, ಮಾರ್ಚ್ ೧೧

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಅತ್ತಿಗೆಯ ಬೆನ್ನುನೋವು ಕಡಿಮೆಯಾಯಿತೇ? ನಿನ್ನ ಪಾದದ ಹಳೆಯ ಉಳುಕು ಚಳಿಯಲ್ಲಿ ಕಾಟ ಕೊಡಲಿಲ್ಲ ತಾನೇ? ನಾನು ಗಟ್ಟಿಯಾಗಿದ್ದೇನೆ. ಅಪ್ಪನ ಮಂಡಿಯ ಆಪರೇಷನ್ ಆಗಿ ಏಳು ವಾರವಾಯಿತು. ಕೋಲಿಲ್ಲದೆ ಅಡುಗೆಮನೆಯವರೆಗೆ ಬರುತ್ತಾರೆ, ಬಂದು ನಾನಿಟ್ಟ ಒಲೆಯ ಉರಿ ಸಣ್ಣ ಮಾಡಿ ಹೋಗುತ್ತಾರೆ. ಅಂದರೆ ಗುಣವಾಗಿದ್ದಾರೆ ಎಂದೇ ಅರ್ಥ. ನೀರು ಬೇಕಾದರೆ ಮಾತ್ರ ಮಲಗಿದಲ್ಲಿಂದಲೇ ಸೀಟಿ ಊದುತ್ತಾರೆ. ಮೂರು ಕೋಣೆಯ ಮನೆ, ಎಲ್ಲಿ ನಿಂತರೂ ಕೇಳಿಸುತ್ತದೆ.

ಅವರು ಹಾಸಿಗೆ ಹಿಡಿದಾಗ ಅವರ ಹುಡುಗಿಯರ ಫುಟ್‌ಬಾಲ್ ತಂಡ ನನ್ನ ಹೆಗಲಿಗೆ ಬಿತ್ತು. ಹದಿನಾರು ಜನ. ನಾನು ದೊಡ್ಡ ಮೈದಾನ ಬಿಟ್ಟು ಶೆಡ್ಡಿನ ಪಕ್ಕದಲ್ಲಿ ಗುರುತಿಗೆ ಪ್ಲಾಸ್ಟಿಕ್ ಕೋನ್ ಇಟ್ಟು ಎರಡು ಪುಟ್ಟ ಅಂಕಣ ಮಾಡಿದೆ. ಒಂದೊಂದರಲ್ಲಿ ನಾಲ್ವರ ಎದುರು ನಾಲ್ವರು. ನೀನು ಇಲ್ಲಿದ್ದಾಗ ಹೀಗೇ ಆಡಿಸಬೇಕು ಎಂದು ಹೇಳಿ ಅಪ್ಪನ ಹತ್ತಿರ ಬೈಸಿಕೊಂಡಿದ್ದೆಯಲ್ಲ, ಅದೇ. ಟೈಲರ್ ಮಗಳು ಒಬ್ಬಳಿದ್ದಾಳೆ, ನಿಂತಲ್ಲೇ ನಿಲ್ಲುತ್ತಾಳೆಂದು ಎಲ್ಲರೂ ಗೂಟ ಎನ್ನುತ್ತಾರೆ. ದೊಡ್ಡ ಮೈದಾನದಲ್ಲಿ ಇಡೀ ಸಂಜೆಗೆ ನಾಲ್ಕು ಸಲ ಚೆಂಡು ಮುಟ್ಟಿದವಳು ಇಲ್ಲಿ ಹತ್ತು ನಿಮಿಷಕ್ಕೆ ಮೂವತ್ತೊಂದು ಸಲ ಮುಟ್ಟಿದಳು. ಅಡಗಿಕೊಳ್ಳಲು ಜಾಗವೇ ಇಲ್ಲವಲ್ಲ, ಏನು ಮಾಡುತ್ತಾಳೆ ಪಾಪ. ಆಟ ನಿಲ್ಲಬಾರದೆಂದು ನಾನು ಒಮ್ಮೆ ಒಂದು ಅಂಕಣದ, ಒಮ್ಮೆ ಇನ್ನೊಂದರ ನಡುವೆ ನಿಲ್ಲುತ್ತಿದ್ದೆ. ಚೆಂಡು ಯಾವ ಕಡೆಯವರ ಹತ್ತಿರ ಇದೆಯೋ ಆ ಕಡೆಗೆ ಆಡುವವಳು ನಾನು. ಗೋಲಾದರೆ ನನಗೆ ಖುಷಿಪಡುವ ಹಾಗೂ ಇಲ್ಲ, ಅಳುವ ಹಾಗೂ ಇಲ್ಲ.

ನಿನ್ನೆ ಅಪ್ಪ ಕುರ್ಚಿ ಹಾಕಿಸಿಕೊಂಡು ಗೆರೆಯಾಚೆ ಕೂತರು. ಹತ್ತು ನಿಮಿಷ ನೋಡಿ, “ಇದೇನು ಆಟನೋ ಸಂತೆನೋ?” ಎಂದು ಸೀಟಿ ಊದಿದರು. ಎಲ್ಲರಿಗೂ ಮೈದಾನದ ಸುತ್ತ ಎಂಟು ಸುತ್ತು, ಆಮೇಲೆ ಸಾಲಾಗಿ ನಿಂತು ಒಬ್ಬೊಬ್ಬರೇ ಚೆಂಡು ಒದೆಯುವುದು. ನಾನು “ಸರಿ ಅಪ್ಪ” ಎಂದು ಕೋನುಗಳನ್ನು ಹೆಕ್ಕಿದೆ. ಗೂಟ ನನ್ನ ಮುಖವನ್ನೇ ನೋಡುತ್ತಿದ್ದಳು. ಹುಡುಗಿಯರಿಗೆ “ಅವರು ಹೇಳೋದ್ರಲ್ಲೂ ಅರ್ಥ ಇದೆ” ಎಂದೆ. ಮನೆಗೆ ಬಂದು ಅಪ್ಪನಿಗೆ “ಹುಡುಗೀರಿಗೆ ಚಿಕ್ಕ ಆಟ ಇಷ್ಟ ಅಂತೆ” ಎಂದೆ, ಅದು ನನ್ನದಲ್ಲವೇ ಅಲ್ಲ ಎನ್ನುವ ಹಾಗೆ. ಅಣ್ಣಾ, ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ನೀನು ಎದುರಾಳಿ ಕ್ಲಬ್ಬಿಗೆ ಹೋದ ಮೇಲೆ ಆರು ವರ್ಷದಿಂದ ಇದೇ ನನ್ನ ಕೆಲಸ. ಪ್ರತಿ ಭಾನುವಾರ ನೀನು ಫೋನ್ ಮಾಡಿದಾಗ ಅಪ್ಪ ಪಕ್ಕದಲ್ಲೇ ಕೂತು “ಊಟ ಸರಿಯಾಗಿ ಮಾಡ್ತಾನಾ ಕೇಳು” ಎನ್ನುತ್ತಾರೆ. ನೀನು ಆ ಕಡೆಯಿಂದ “ಮಾಡ್ತೀನಿ ಅಂತ ಹೇಳು” ಎನ್ನುತ್ತೀಯ. ಇಬ್ಬರಿಗೂ ಗಂಟಲು ಚೆನ್ನಾಗೇ ಇದೆ. ಹೋದ ತಿಂಗಳು ಪಕ್ಕದ ಊರಿನ ಮಹಿಳಾ ಕ್ಲಬ್ಬಿನ ಕಾರ್ಯದರ್ಶಿ ನಮ್ಮ ಚಿಕ್ಕ ಆಟ ನೋಡಿ, ಕೋಚ್ ಆಗಿ ಬರುತ್ತೀರಾ, ನಿಮ್ಮ ಪದ್ಧತಿ ಏನು ಎಂದು ಕೇಳಿದರು. ನಾನು “ಅಪ್ಪ ಹೇಳೋ ಪ್ರಕಾರ” ಎಂದು ಶುರುಮಾಡಿ, “ನಮ್ಮಣ್ಣ ಹೇಳೋ ಪ್ರಕಾರ” ಎಂದು ಮುಗಿಸಿದೆ. ಅವರು ನಕ್ಕು, “ನಿಮ್ಮದು ಹೇಳಿ” ಎಂದರು. ನಾನು ಚೆಂಡಿನಲ್ಲಿ ಗಾಳಿ ಸಾಕಷ್ಟಿದೆಯೇ ಎಂದು ಒತ್ತಿ ನೋಡಿದೆ. ಮೂವತ್ತೆರಡು ವರ್ಷದ ಹೆಂಗಸು ನಾನು. ನಿಮ್ಮಿಬ್ಬರ ಮೇಲೂ ನನಗೆ ಕೋಪವಿದೆ, ಬರೆದೇಬಿಟ್ಟೆ.

ಇರಲಿ. ಅತ್ತಿಗೆಗೆ ನೆನಪು ತಿಳಿಸು, ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಲು ಹೇಳು. ಮಗುವಿಗೆ ಅತ್ತೆಯ ಮುತ್ತು. ಎಲ್ಲರೂ ಚೆನ್ನಾಗಿರಿ.

ನೀನು ಮೊಂಡಿ ಎನ್ನುತ್ತಿದ್ದ,
ನಿನ್ನ ತಂಗಿ

ತಾ.ಕ.: ಅಂಚೆಗೆ ಹಾಕುವ ಮುನ್ನ ಇದಿಷ್ಟು. ಇವತ್ತು ಮಧ್ಯಾಹ್ನ ಕಾರ್ಯದರ್ಶಿಗೆ ಬರುತ್ತೇನೆ ಎಂದುಬಿಟ್ಟೆ. ಭಾನುವಾರ ಬೆಳಿಗ್ಗೆ ಎಂಟರ ಬಸ್ಸು. ಅಪ್ಪನಿಗೆ ಹೇಳಲು ಮೂರು ಸಲ ಕೋಣೆಗೆ ಹೋಗಿ, ಮೂರು ಸಲವೂ ಖಾಲಿ ಲೋಟ ಎತ್ತಿಕೊಂಡು ಬಂದೆ. ನೀನು ಎಂದಿನಂತೆ ಹತ್ತಕ್ಕೆ ಫೋನ್ ಮಾಡು. ಎತ್ತಲು ನಾನಿರುವುದಿಲ್ಲ. ಬೇಗ ಇಟ್ಟುಬಿಡಬೇಡ, ಅವರಿಗೆ ಕುರ್ಚಿಯಿಂದ ಏಳಲು ಹೊತ್ತು ಬೇಕು.