ಯಾವ ಮಗು ಬರುತ್ತಿಲ್ಲ ಎಂದು ಕೇಳಿದ ಕೌಂಟರಿನ ಮೇಲಧಿಕಾರಿಗಳಿಗೆ

ಮಾನ್ಯ ಪ್ರಯಾಣಿಕ ಸೇವಾ ವಿಭಾಗದ ಮುಖ್ಯಸ್ಥರೇ,

ಕಳೆದ ತಿಂಗಳು ತಮ್ಮ ವಿಮಾನ ಸಂಸ್ಥೆಯ ಕೌಂಟರಿನಲ್ಲಿ, ನನ್ನ ನಾಲ್ಕು ಮಕ್ಕಳ ಎದುರಿಗೇ, ಅವರಲ್ಲಿ ಯಾರನ್ನು ಬಿಟ್ಟುಹೋಗುತ್ತೀರಿ ಎಂದು ನನ್ನನ್ನು ಕೇಳಲಾಯಿತು. ಕೇಳಿದ ರೀತಿಯಲ್ಲಿ ಒರಟುತನವೇನೂ ಇರಲಿಲ್ಲ. ಕಿಟಕಿ ಪಕ್ಕದ ಸೀಟು ಬೇಕೋ, ದಾರಿ ಪಕ್ಕದ್ದು ಸಾಕೋ ಎಂದು ವಿಚಾರಿಸುವಷ್ಟೇ ವಿನಯದಿಂದ ಕೇಳಿದರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನನ್ನ ಮೊದಲ ದೂರಿಗೆ ತಮ್ಮ ಕಚೇರಿ ಕಳಿಸಿದ ಉತ್ತರದಲ್ಲಿ, ಸಿಬ್ಬಂದಿಯ ವರ್ತನೆಯಿಂದ ನೋವಾಗಿದ್ದರೆ ವಿಷಾದಿಸುತ್ತೇವೆ ಎಂದಿತ್ತು. ಜೊತೆಗೆ ಮುಂದಿನ ಪ್ರಯಾಣಕ್ಕೊಂದು ರಿಯಾಯಿತಿ ಚೀಟಿಯೂ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, 'ಒಬ್ಬರಿಗೆ ಮಾತ್ರ' ಎಂದು ಬರೆದಿತ್ತು. ಆ ಒಬ್ಬರು ಯಾರು ಎಂದು ನಮ್ಮ ಮನೆಯಲ್ಲಿ ಈವರೆಗೆ ತೀರ್ಮಾನವಾಗಿಲ್ಲ.

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಾಜನ್ನು ಅಳತೆಗೆ ಉಜ್ಜಿ ಚೌಕಟ್ಟಿಗೆ ಕೂರಿಸುವುದು ನನ್ನ ಕೆಲಸ. ಒಂದೊಂದು ಸಲ ಗಾಜು ಚೌಕಟ್ಟಿಗೆ ಒಗ್ಗುವುದಿಲ್ಲ. ಆಗ ನಾವು ಗಿರಾಕಿಯನ್ನು ಕರೆದು, ಯಾವ ಕಣ್ಣನ್ನು ಇಟ್ಟುಕೊಳ್ಳುತ್ತೀರಿ ಎಂದು ಕೇಳುವುದಿಲ್ಲ. ಇನ್ನೊಂದು ಚೌಕಟ್ಟು ಹುಡುಕುತ್ತೇವೆ. ಸಣ್ಣ ಅಂಗಡಿ ನೋಡಿ, ನಮಗೆ ತಿಳಿದಿರುವುದು ಅಷ್ಟೇ.

ನನ್ನ ಗಂಡ ಸರಕು ಹಡಗಿನ ಇಂಜಿನ್ ಕೋಣೆಯಲ್ಲಿ ಮೆಕ್ಯಾನಿಕ್. ಅವರು ಹಡಗು ಹತ್ತಿದಾಗ ಕೂಸು ಇನ್ನೂ ನನ್ನ ಹೊಟ್ಟೆಯಲ್ಲಿತ್ತು. ಈಗ ಅದಕ್ಕೆ ಏಳು ತಿಂಗಳು. ಹಡಗು ದೂರದ ಬಂದರೊಂದರಲ್ಲಿ ಎರಡು ದಿನ ನಿಲ್ಲುತ್ತದೆ, ಆಮೇಲೆ ವರ್ಷದ ಕೊನೆಯವರೆಗೆ ಈ ಕಡೆ ಸುಳಿಯುವುದಿಲ್ಲ ಎಂದು ಸುದ್ದಿ ಬಂದಾಗ, ಅಪ್ಪ ಮಕ್ಕಳು ಮುಖ ನೋಡಿಕೊಳ್ಳಲಿ ಎಂದು ನಾನು ಐದು ಟಿಕೆಟ್ ತೆಗೆದೆ. ಕೂಸಿನದು ಮಡಿಲ ಟಿಕೆಟ್, ಎಂದರೆ ಬೇರೆ ಸೀಟಿಲ್ಲದೆ ನನ್ನ ತೊಡೆಯ ಮೇಲೇ ಕೂರುವಂಥದ್ದು. ತಮ್ಮ ಜಾಲತಾಣ ಪ್ರತಿ ಮಗುವಿನ ಹುಟ್ಟಿದ ದಿನಾಂಕ ಕೇಳಿತು. ಎಲ್ಲ ಕೊಟ್ಟೆ. ಹೋಟೆಲು ಬೇಕೆ ಎಂದು ಕೇಳಿತು, ಬಾಡಿಗೆ ಕಾರು ಬೇಕೆ ಎಂದು ಕೇಳಿತು, ಗಾಲ್ಫ್ ಆಡುವ ಕೋಲು ಒಯ್ಯುತ್ತೀರಾ ಎಂದೂ ಕೇಳಿತು. ಮಕ್ಕಳಲ್ಲಿ ಒಂದನ್ನು ಕಡಿಮೆ ಮಾಡಬೇಕಾಗುತ್ತದೆ ಎಂಬ ಸಂಗತಿಯನ್ನು ಮಾತ್ರ ವಿಮಾನ ನಿಲ್ದಾಣದವರೆಗೆ ಗುಟ್ಟಾಗಿಟ್ಟಿತು.

ಬೆನ್ನಿಗೊಂದು ಚೀಲ, ಎದೆಗೆ ಕಟ್ಟಿಕೊಂಡ ಕೂಸು, ಒಂದು ಕೈಯಲ್ಲಿ ಮೂರು ವರ್ಷದ ಚೂಟಿ, ಇನ್ನೊಂದು ಕೈಯಲ್ಲಿ ಐದು ವರ್ಷದ ಮಗ. ಎಂಟು ವರ್ಷದ ದೊಡ್ಡವಳು ಪೆಟ್ಟಿಗೆ ಎಳೆದುಕೊಂಡು ಮುಂದೆ. ಹೀಗೆ ನಾವು ಕೌಂಟರಿಗೆ ಬಂದೆವು. ಅಲ್ಲಿದ್ದ ಯುವತಿ ನಮ್ಮನ್ನು ಎಣಿಸಿದರು, ಪರದೆ ನೋಡಿದರು, ಮತ್ತೆ ಎಣಿಸಿದರು.

"ಮೇಡಂ, ದೊಡ್ಡೋರು ಒಬ್ರಿದ್ರೆ ಮಕ್ಕಳು ಮೂರೇ ಇರ್ಬೇಕು. ನೀವು ನಾಲ್ಕು ತಂದಿದೀರಿ."

"ಟಿಕೆಟ್ಟೂ ನಾಲ್ಕು ಮಕ್ಕಳಿಗೂ ತಂದಿದೀನಲ್ಲ?"

"ಟಿಕೆಟ್ ಸರಿಯಾಗೇ ಇದೆ ಮೇಡಂ. ಮಕ್ಕಳೇ ಜಾಸ್ತಿ."

"ಈಗೇನ್ಮಾಡ್ಲಿ?"

"ಯಾವ ಮಗು ಬರ್ತಿಲ್ಲ ಅಂತ ಹೇಳಿದ್ರೆ ಆ ಟಿಕೆಟ್ ಕ್ಯಾನ್ಸಲ್ ಮಾಡ್ತೀನಿ. ಮಿಕ್ಕೋರ್ದು ಈಗ್ಲೇ ಕೊಟ್ಬಿಡ್ತೀನಿ."

ಮಗ ನನ್ನ ಸೆರಗು ಜಗ್ಗಿದ. "ಅಮ್ಮ, ಯಾರು ಬರ್ತಿಲ್ಲ?"

"ಎಲ್ರೂ ಹೋಗ್ತಿದೀವಿ ಕಣೋ, ಸುಮ್ನಿರು," ಎಂದೆ. ಮೇಲಿನವರನ್ನು ಕರೆಯಿರಿ ಎಂದು ಕೇಳಿದೆ. ಒಬ್ಬ ಮೇಲ್ವಿಚಾರಕರು ಬಂದು ಅದೇ ನಿಯಮವನ್ನು ಇನ್ನೂ ನಿಧಾನವಾಗಿ ಹೇಳಿದರು. ನನ್ನ ತೊಂದರೆ ಕಿವಿಯದೆಂದು ಭಾವಿಸಿದರೋ ಏನೋ. ಇದು ಮಕ್ಕಳ ಸುರಕ್ಷತೆಗಾಗಿಯೇ ಮಾಡಿದ ನಿಯಮ ಎಂದೂ ಸೇರಿಸಿದರು. ಹಾಗಾದರೆ ನಾಲ್ಕನೆಯ ಮಗುವನ್ನು ಈ ನಿಲ್ದಾಣದಲ್ಲಿ ಯಾರ ಸುರಕ್ಷತೆಗೆ ಬಿಡಲಿ ಎಂದು ಕೇಳಿದೆ. ಅದು ತಮ್ಮ ವಿಭಾಗಕ್ಕೆ ಬರುವುದಿಲ್ಲ ಎಂದರು.

ಆಗ ದೊಡ್ಡವಳು ಪೆಟ್ಟಿಗೆಯ ಹಿಡಿ ಬಿಟ್ಟು ನನ್ನ ಹತ್ತಿರ ಬಂದಳು.

"ಅಮ್ಮ, ನಾನೇ ಉಳ್ಕೋತೀನಿ. ಪಕ್ಕದ್ಮನೆ ಅಜ್ಜಿ ಬಂದು ಕರ್ಕೊಂಡು ಹೋಗ್ತಾರೆ. ನಂಗೆ ಅಪ್ಪನ ಮುಖ ಚೆನ್ನಾಗಿ ನೆನಪಿದೆ. ಇವರಿಗೆ ಅಷ್ಟು ನೆನಪಿಲ್ಲ ಅಲ್ವಾ?"

ಮಾನ್ಯರೇ, ನಾನು ಪೆಟ್ಟಿಗೆಯ ಹಿಡಿಯನ್ನು ಮತ್ತೆ ಅವಳ ಕೈಗಿತ್ತೆ. ತಮ್ಮ ಮೇಲ್ವಿಚಾರಕರು ಅವಳನ್ನು ನೋಡಿ ನಕ್ಕರು. "ಎಷ್ಟು ಜಾಣೆ ನೋಡಿ ಮೇಡಂ," ಎಂದು ಮೆಚ್ಚಿಕೊಂಡರು. ಕೌಂಟರಿನ ಯುವತಿಯ ಬೆರಳು ಕೀಬೋರ್ಡಿನ ಕಡೆ ಹೋಯಿತು.

"ಅದನ್ನ ಮುಟ್ಟಬೇಡಿ," ಎಂದೆ. ನನ್ನ ದನಿ ಎಷ್ಟು ಎತ್ತರಕ್ಕೆ ಏರಿತ್ತೆಂಬುದು ಎದೆಯ ಮೇಲಿದ್ದ ಕೂಸು ಅಳಲು ಶುರು ಮಾಡಿದ ಮೇಲೆಯೇ ಗೊತ್ತಾದದ್ದು.

ನಮ್ಮ ಹಿಂದೆ ಸಾಲಿನಲ್ಲಿ ಬೂದು ಕೋಟಿನ ಹಿರಿಯರೊಬ್ಬರು ನಿಂತಿದ್ದರು. ಅವರು ಗಂಟಲು ಸರಿಮಾಡಿಕೊಂಡು, "ನಾನೂ ಅದೇ ಫ್ಲೈಟು. ದೊಡ್ಡೋರು ಒಬ್ರು ಕಡಿಮೆ ಬಿದ್ದಿದ್ರೆ ನನ್ನ ಹೆಸರು ಹಾಕ್ಕೊಳ್ಳಿ," ಎಂದರು. ತಮ್ಮ ಸಿಬ್ಬಂದಿಯ ಮುಖ ಅರಳಿತು. ಆ ಹಿರಿಯರೊಂದು ಸಹಿ ಮಾಡಿದರು, ನಾನೊಂದು ಸಹಿ ಮಾಡಿದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನನ್ನ ದೊಡ್ಡ ಮಗಳು ಕಾಗದದ ಮೇಲೆ ಅವರ ಸುಪರ್ದಿಗೆ ಸೇರಿದಳು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕೆಂದು ವಿನಂತಿ. ಹೆತ್ತ ತಾಯಿಯ ಜೊತೆ ನಾಲ್ಕನೆಯ ಮಗು ಹೋದರೆ ಅಪಾಯ. ಗುರುತು ಪರಿಚಯವಿಲ್ಲದ ಗಂಡಸಿನ ಜೊತೆ ಹೋದರೆ ಸುರಕ್ಷಿತ. ಅವರು ಯಾರು, ಏನು ಎಂದು ತಮ್ಮವರು ಒಂದು ಮಾತು ಕೇಳಲಿಲ್ಲ. ಕೇಳಿದವಳು ನಾನು. ಅವರು ದಂತವೈದ್ಯರು ಎಂದು ತಿಳಿದ ಕೂಡಲೇ ನನ್ನ ಮಗ ಬಾಯಿ ಮುಚ್ಚಿಕೊಂಡು ನನ್ನ ಬೆನ್ನ ಹಿಂದೆ ಸರಿದ. ದೇವರು ದೊಡ್ಡವನು, ಅವರು ಒಳ್ಳೆಯವರಾಗಿದ್ದರು. ಆದರೆ ಆ ಒಳ್ಳೆಯತನ ತಮ್ಮ ನಿಯಮಾವಳಿಯಲ್ಲಿ ಇದ್ದದ್ದಲ್ಲ. ಅವರು ಮನೆಯಿಂದ ತಂದದ್ದು.

ತಪಾಸಣೆಯಲ್ಲಿ ಕೂಸನ್ನು ಬಿಚ್ಚಿ, ಚೀಲ ಮೇಲಿಟ್ಟು, ಎರಡೂ ಕೈ ಚಾಚಿ ನಿಲ್ಲಬೇಕೆಂದರು. ಕೂಸನ್ನು ಎಲ್ಲಿಡಲಿ ಎಂದು ಕೇಳಿದ್ದಕ್ಕೆ ಸುತ್ತಮುತ್ತ ನೋಡಿದರು. ಎಲ್ಲರ ಕಣ್ಣೂ ಸಾಮಾನು ಇಡುವ ಪ್ಲಾಸ್ಟಿಕ್ ತಟ್ಟೆಯ ಮೇಲೆ ಒಂದು ಕ್ಷಣ ನಿಂತಿತು. ಕೊನೆಗೆ ದಂತವೈದ್ಯರೇ ಕೂಸನ್ನು ಎತ್ತಿಕೊಂಡರು. ಅದರ ಒಸಡನ್ನು ನೋಡಿ, "ಕೆಳಗಡೆ ಎರಡು ಹಲ್ಲು ಬರ್ತಿದೆಯಮ್ಮ, ಅದಕ್ಕೇ ಕಿರಿಕಿರಿ," ಎಂದರು. ಆ ದಿನ ತಮ್ಮ ನಿಲ್ದಾಣದಲ್ಲಿ ನನಗೆ ಸಿಕ್ಕ ಉಪಯುಕ್ತ ಮಾಹಿತಿ ಅದೊಂದೇ.

ವಿಮಾನದಲ್ಲಿ ನನ್ನನ್ನೂ ಮೂವರು ಮಕ್ಕಳನ್ನೂ ಮುಂದೆ ಕೂರಿಸಿದರು. ದೊಡ್ಡವಳಿಗೆ ಅವಳ ಪಾಲಕರ ಪಕ್ಕ, ಕಟ್ಟಕಡೆಯ ಸಾಲಿನಲ್ಲಿ ಸೀಟು. ನಡುವೆ ಎಷ್ಟೋ ಸೀಟು ಖಾಲಿ ಇದ್ದವು. ಹತ್ತಿರ ಕೂರಿಸಿ ಎಂದರೆ, ಕಂಪ್ಯೂಟರ್ ಹಾಗೆ ಕೊಟ್ಟಿದೆ ಎಂದರು. ಕೂಸು ಅಳುತ್ತಿತ್ತು, ಚೂಟಿಗೆ ಬೆಲ್ಟ್ ಕಟ್ಟಿದ ಕೂಡಲೇ ಶೌಚಕ್ಕೆ ಅವಸರವಾಯಿತು, ಮಗ ರೆಕ್ಕೆ ಯಾಕೆ ಅಲ್ಲಾಡುತ್ತೆ ಎಂದು ಕೇಳುತ್ತಲೇ ಇದ್ದ. ಇದಾವುದೂ ನನಗೆ ಹೊಸದಲ್ಲ, ದೂರೂ ಇಲ್ಲ. ಆದರೆ ಹಿಂದೆ ತಿರುಗಿದಾಗಲೆಲ್ಲ ಸೀಟುಗಳ ಬೆನ್ನಷ್ಟೇ ಕಾಣುತ್ತಿತ್ತು. ನಾಲ್ಕು ಮಕ್ಕಳಲ್ಲಿ ಆ ದಿನ ಸದ್ದು ಮಾಡದೆ ಇದ್ದವಳು ಅವಳೊಬ್ಬಳೇ, ನನ್ನ ಕಿವಿಯೆಲ್ಲ ಅವಳ ಕಡೆಗೇ.

ಇಳಿದ ಮೇಲೆ ನೋಡಿದರೆ ಅವಳು ದಂತವೈದ್ಯರ ಕೈ ಹಿಡಿದುಕೊಂಡು ಬರುತ್ತಿದ್ದಳು. ಅವರ ಮುಖ ಸುಣ್ಣದಂತಿತ್ತು.

"ಅಮ್ಮಾ, ನಿಮಗೆ ಹೇಳಬಾರದು ಅಂತಿದ್ದೆ," ಎಂದರು. "ನಂಗೆ ವಿಮಾನ ಅಂದ್ರೆ ಜೀವ ಹೋಗುತ್ತೆ. ಕುರ್ಚಿಲಿ ಕೂತೋರಿಗೆಲ್ಲ 'ಏನೂ ಆಗಲ್ಲ, ಕಣ್ಮುಚ್ಕೊಳ್ಳಿ' ಅಂತ ಹೇಳ್ಕೊಂಡೇ ಕೂದಲು ಬೆಳ್ಳಗಾದೋನು ನಾನು. ಇವತ್ತು ಅದನ್ನ ನಿಮ್ಮ ಮಗಳು ನಂಗೆ ಹೇಳಿದ್ಲು. ನಾನು ಅವಳನ್ನ ಕರ್ಕೊಂಡು ಬರ್ಲಿಲ್ಲ, ಅವಳೇ ನನ್ನ ಕರ್ಕೊಂಡು ಬಂದ್ಲು."

ತಮ್ಮ ದಾಖಲೆಯಲ್ಲಿ ಪಾಲಕರ ಹೆಸರು ತಿದ್ದಿಕೊಳ್ಳಬೇಕಾದೀತು.

ಬಂದರಿನಲ್ಲಿ ಭೇಟಿಯ ಕೋಣೆಯೆಂದರೆ ನಾಲ್ಕು ಬೆಂಚು, ಒಂದು ಫ್ಯಾನು. ನನ್ನ ಗಂಡ ಕೈಯನ್ನು ಕೆಂಪಾಗುವ ತನಕ ತೊಳೆದುಕೊಂಡು ಬಂದು ಕೂಸನ್ನು ಎತ್ತಿಕೊಂಡರು. ಅದು ಅವರ ಗಡ್ಡ ನೋಡಿ ಕಿಟಾರನೆ ಕಿರುಚಿ, ಆಮೇಲೆ ಅದೇ ಗಡ್ಡಕ್ಕೆ ಮುಖವೊತ್ತಿ ನಿದ್ದೆ ಹೋಯಿತು. ಅವರು ಅಲುಗಾಡದೆ ಕೂತರು. ಕೂತಲ್ಲಿಂದಲೇ ದೊಡ್ಡವಳನ್ನು ಕರೆದು, "ವಿಮಾನ ಹೇಗಿತ್ತು ಪುಟ್ಟಾ?" ಎಂದು ಕೇಳಿದರು.

"ನಂಗೂ ಜಾಗ ಸಿಕ್ತು ಅಪ್ಪಾ," ಎಂದಳು.

ಅವರು ನನ್ನ ಮುಖ ನೋಡಿದರು. ನಾನು ಕಿಟಕಿ ಕಡೆ ನೋಡಿದೆ.

ವಾಪಸು ರೈಲಿನಲ್ಲಿ ಬಂದೆವು, ಅಲ್ಲಿ ಯಾರೂ ಮಕ್ಕಳನ್ನು ಎಣಿಸಲಿಲ್ಲ. ಎಲ್ಲ ಸುಖಾಂತವಾಯಿತಲ್ಲ, ಮತ್ತೇಕೆ ಈ ಪತ್ರ ಎಂದು ತಾವು ಕೇಳಬಹುದು. ಹೋದ ವಾರ ನಮ್ಮ ಅಂಗಡಿಯ ಕಟ್ಟಡದಲ್ಲಿ ನಾನೂ ಮಕ್ಕಳೂ ಲಿಫ್ಟ್ ಹತ್ತಿದೆವು. ಒಳಗೆ ಆಗಲೇ ಜನ ತುಂಬಿದ್ದರು. ಬಾಗಿಲು ಮುಚ್ಚಲಿಲ್ಲ, ಭಾರ ಹೆಚ್ಚಾಯಿತೆಂದು ಗಂಟೆ ಹೊಡೆದುಕೊಳ್ಳತೊಡಗಿತು. ದೊಡ್ಡವಳು ತಾನಾಗಿ ಹೊರಗೆ ಇಳಿದಳು. "ನೀವು ಹೋಗಿ, ನಾನು ಮೆಟ್ಟಿಲಲ್ಲಿ ಬರ್ತೀನಿ," ಎಂದಳು. ಬಾಗಿಲು ಮುಚ್ಚುವ ಮೊದಲು ಅವಳ ಮುಖ ನೋಡಿದೆ. ಬೇಸರವೇನೂ ಇರಲಿಲ್ಲ. ಅದು ತನ್ನ ಕೆಲಸ ಎಂಬಂತಿತ್ತು.

ಆದ್ದರಿಂದ ನನ್ನ ಬೇಡಿಕೆ ಇದು. ಮೂರರ ನಿಯಮ ಇಟ್ಟುಕೊಳ್ಳುವುದಾದರೆ ಟಿಕೆಟ್ ಮಾರುವ ಮೊದಲು ಹೇಳಿ. ತಮ್ಮ ಜಾಲತಾಣಕ್ಕೆ ಮೂರರವರೆಗೆ ಎಣಿಸಲು ಬರುತ್ತದೆಂಬ ನಂಬಿಕೆ ನನಗಿದೆ. ಮಾರಿದ ಮೇಲೆ ತಮ್ಮ ಸಿಬ್ಬಂದಿಯಲ್ಲೇ ಒಬ್ಬರನ್ನು ಜೊತೆಗೆ ಕೊಡಿ. ಯಾವ ಮಗು ಬರುತ್ತಿಲ್ಲ ಎಂಬ ಪ್ರಶ್ನೆಯನ್ನು ಇನ್ನು ಮುಂದೆ ಯಾವ ಮಗುವಿನ ಕಿವಿಗೂ ಬೀಳಿಸಬೇಡಿ. ರಿಯಾಯಿತಿ ಚೀಟಿಯನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ಅದರ ಬದಲು ನನ್ನ ಮಗಳ ಹೆಸರಿಗೆ ಒಂದು ಸಾಲು ಬರೆದು, ಮೊಹರು ಹಾಕಿ ಕಳಿಸಿ: ಆ ವಿಮಾನದಲ್ಲಿ ನಿನ್ನ ಜಾಗ ಮೊದಲಿನಿಂದಲೂ ನಿನ್ನದೇ ಆಗಿತ್ತು, ತಪ್ಪು ನಮ್ಮದು. ನಾನು ಹೇಳಿ ನೋಡಿದೆ. ಅಮ್ಮಂದಿರು ಹೇಳುವುದೇ ಹಾಗೆ ಎಂದುಕೊಂಡು ಅವಳು ನಂಬುತ್ತಿಲ್ಲ. ಕಚೇರಿಯ ಕಾಗದವಾದರೆ ನಂಬಬಹುದು.

ಇಂತಿ,
ಎಣಿಕೆಗೆ ಮೀರಿ ಹೆತ್ತ ತಪ್ಪಿಗೆ ತಮ್ಮ ಉತ್ತರ ಕಾಯುತ್ತಿರುವ,
ಒಬ್ಬ ತಾಯಿ