ಮೈಲುಗಲ್ಲಿನ ಬೆನ್ನು

ಸುರಪುರ,
ಭಾನುವಾರ, 18 ಫೆಬ್ರವರಿ 2024

ಪ್ರೀತಿಯ ಅವ್ವಾ,

ಈ ಮೂಲಕ ತಪ್ಪೊಪ್ಪಿಗೆ ಏನೆಂದರೆ, ಭೀಮವ್ವನವರ ಒಬ್ಬನೇ ಮಗನೂ ಕಾಲೇಜಿನಲ್ಲಿ ಇತಿಹಾಸ ಬೋಧಿಸುವವನೂ ಆದ ದೇವು ಎಂಬ ನಾನು, ತಾಯಿ ಊರಲ್ಲಿಲ್ಲದ ಸಮಯ ಸಾಧಿಸಿ, ಬಚ್ಚಲ ಪಕ್ಕದ ಒಗೆಯುವ ಕಲ್ಲನ್ನು ಕದ್ದಿದ್ದೇನೆ. ಶಿಕ್ಷೆಗೆ ಮೊದಲು ಕ್ಷೇಮಸಮಾಚಾರ. ನಿನ್ನ ಮಂಡಿನೋವು ಹೇಗಿದೆ? ತಂಗಿ ಸುಮಲತಾಳ ಬಾಣಂತನ ಮಾಡಲು ಅವಳೂರಿಗೆ ಹೋಗಿ ನೀನೇ ಹಾಸಿಗೆ ಹಿಡಿಯಬೇಡ. ಕೂಸು ಮಲಗಗೊಡುತ್ತದೋ, ಬೋನಾಳ ಕೆರೆಯ ಹಕ್ಕಿಗಳಿಗೆ ಪೈಪೋಟಿ ಕೊಡುತ್ತದೋ? ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀ. ಕಾಗದದಲ್ಲಿ ನಿನಗೆ ಆ ಸೌಕರ್ಯವಿಲ್ಲ. ಸುಮಲತಾ, ಓದಿ ಹೇಳುವಾಗ ನಗಬೇಡ.

ಆದದ್ದಿಷ್ಟು. ಬಚ್ಚಲ ಪೈಪು ಒಡೆಯಿತು, ರಿಪೇರಿಗೆ ಬಂದವರು ನಿನ್ನ ಕಲ್ಲನ್ನು ಮಗುಚಿದರು. ನೋಡಿದರೆ ಹೊಟ್ಟೆಯ ತುಂಬ ಉರ್ದು ಅಕ್ಷರ! ಪಕ್ಕದ ಮನೆಯ ಇಮಾಮಬೀ ಖಾಲಾ ಕನ್ನಡಕ ಏರಿಸಿ, "ಶಾಪುರ, ಹದಿನೈದು ಮೈಲು ಅಂತ ಬರದೈತಿ ನೋಡಪಾ" ಎಂದರು. ನಿಜಾಮರ ಕಾಲದ ಮೈಲುಗಲ್ಲು ಮೂವತ್ತೆಂಟು ವರ್ಷ ನಮ್ಮ ಮೈಲಿಗೆ ತೆಗೆದಿತ್ತು! ನನ್ನೊಳಗಿನ ಮೇಷ್ಟ್ರು ಎದ್ದು ಕುಣಿದ. ನಗರಸಭೆಗೆ ಹೇಳಿದೆ, ವಾರದೊಳಗೆ ಕಲ್ಲು ಊರ ಚೌಕದ ಕಟ್ಟೆಯೇರಿ ನಿಂತಿತು, ಸುತ್ತ ಸರಪಳಿ ಬಂತು. "ಮುಟ್ಟಬಾರದು" ಎಂಬ ಫಲಕ ನಾನೇ ಬರೆಸಿದ್ದು. ಅನಾವರಣದ ದಿನ ಮೈಕು ಸಿಕ್ಕಿದ್ದೇ ತಡ, "ನಮ್ಮ ತಾಯಿ ಸಂತೋಷದಿಂದ ಕೊಟ್ಟಿದ್ದಾರೆ, ಇತಿಹಾಸ ಇರುವುದು ಬಟ್ಟೆ ಒಗೆಯುವುದಕ್ಕಲ್ಲ" ಎಂದು ಭಾಷಣ ಬಿಗಿದೆ. ಚಪ್ಪಾಳೆಯೂ ಬಿತ್ತು.

ಚಪ್ಪಾಳೆ ನಿಂತ ಮೇಲೆ ಖಾಲಾ ಹತ್ತಿರ ಬಂದು, "ನಿಮ್ಮವ್ವನ್ನ ಒಂದ್ ಮಾತು ಕೇಳಿದಿಯೇನಪಾ?" ಎಂದರು. ಮೈಕಿಲ್ಲದ ನಾನು ಮೆಲ್ಲಗೆ "ಇಲ್ಲ" ಎಂದೆ. ಉಳಿದದ್ದನ್ನು ಅವರೇ ಹೇಳಿದರು. ನೀನು ಮದುವೆಯಾಗಿ ಬಂದ ಹೊಸದರಲ್ಲಿ ಒರಟು ಬಂಡೆಯ ಮೇಲೆ ಒಗೆದು ಬೆರಳ ಗೆಣ್ಣು ಸುಲಿದುಕೊಳ್ಳುತ್ತಿದ್ದೆಯಂತೆ. ರಸ್ತೆ ಕೆಲಸಕ್ಕೆ ಹೋಗುತ್ತಿದ್ದ ಅಪ್ಪ, ಕಿತ್ತು ಬದಿಗೆಸೆದಿದ್ದ ಈ ಕಲ್ಲನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದು, ಅಕ್ಷರ ಕೆಳಗೆ ಮಾಡಿ ಹಾಕಿದನಂತೆ. "ಅಕ್ಷರ ಕೈಗೆ ಚುಚ್ಚತಾವ, ನುಣುಪು ಮಗ್ಗಲ ನಿನಗಿರ್ಲಿ" ಎಂದನಂತೆ. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ನಾನು ಮಷೀನು ತರುತ್ತೇನೆಂದಾಗ ನೀನು "ಬ್ಯಾಡೋ, ನನ್ನ ಕಲ್ಲೈತಿ" ಅಂದದ್ದನ್ನು ಜಿಪುಣತನವೆಂದು ಆಡಿಕೊಂಡಿದ್ದೆ. ಕಲ್ಲಿನ ಹೊಟ್ಟೆ ಓದಿದವನು ಬೆನ್ನು ಓದಿರಲಿಲ್ಲ, ಅವ್ವಾ. ತಪ್ಪಾಯಿತು.

ನಗರಸಭೆಯಲ್ಲಿ ವಿಚಾರಿಸಿದೆ. ದಾನಪತ್ರಕ್ಕೆ ನಿನ್ನ ಸಹಿ ಇನ್ನೂ ಬಾಕಿಯಿದೆ. ನೀನು ಒಲ್ಲೆ ಎಂದರೆ ಕಲ್ಲು ಮನೆಗೆ ಬರುತ್ತದೆ, ನನ್ನ ಮಾನ ಚೌಕದಲ್ಲೇ ಉಳಿಯುತ್ತದೆ. ಅದನ್ನು ನಾನು ನೋಡಿಕೊಳ್ಳುತ್ತೇನೆ. ನನ್ನ ಬಟ್ಟೆಯ ಚಿಂತೆಯಂತೂ ಮಾಡಲೇಬೇಡ. ಹೊಸ ಸಿಮೆಂಟ್ ಕಲ್ಲು ತಂದಿದ್ದೇನೆ, ನಿನಗಿಂತ ಬೆಳ್ಳಗೆ ಒಗೆಯುತ್ತಿದ್ದೇನೆ.

ಕೂಸಿನ ಪಾದಕ್ಕೊಂದು ಮುತ್ತು, ನಿನ್ನ ಪಾದಕ್ಕೆ ನನ್ನ ಹಣೆ.

ನಿನ್ನ ಕಳ್ಳ ಮಗ,
ದೇವು

ತಾ.ಕ.: ಸೋಮವಾರ, ಲಕೋಟೆ ಅಂಟಿಸುವ ಮುಂಚೆ ಇದೊಂದು. ಸಿಮೆಂಟ್ ಕಲ್ಲು ಎರಡು ಅಂಗಿಗಳ ಕಾಲರು ತಿಂದುಹಾಕಿತು. ಇವತ್ತು ನಸುಕಿನಲ್ಲಿ ಬಕೀಟು ಹಿಡಿದು ಚೌಕಕ್ಕೆ ಹೋಗಿ, ಸರಪಳಿ ದಾಟಿ, ನಿನ್ನ ಕಲ್ಲಿನ ಬೆನ್ನಿಗೆ ಮೂರನೆಯ ಅಂಗಿ ಒತ್ತಿ ತಿಕ್ಕುತ್ತಿದ್ದೆ. ಚಹಾ ಅಂಗಡಿಯ ಬಾಷುಮಿಯಾ ನೋಡಿಬಿಟ್ಟ. "ಏನ್ರಿ ಸರ, ಇತಿಹಾಸಕ್ಕ ಸಾಬೂನು ಹಚ್ಚಾಕತ್ತೀರೇನು?" ಎಂದು ಫೋಟೊ ಹೊಡೆದ, ಅದರಲ್ಲಿ "ಮುಟ್ಟಬಾರದು" ಫಲಕ ಚೆನ್ನಾಗಿ ಬಂದಿದೆಯಂತೆ. ಸಹಿಯ ಮಾತು ಆಮೇಲೆ, ಮೊದಲು ನೀನು ಬಾ. ಆ ಅಂಗಿಯೂ ಬೆಳ್ಳಗಾಗಲಿಲ್ಲ. ಕಲ್ಲಿನ ತಪ್ಪೇನಿಲ್ಲ ಅವ್ವಾ, ನನಗೆ ಒಗೆಯಲು ಬರುವುದಿಲ್ಲ.